ಕೌದಿ ಮಡಚಿಟ್ಟಿದ್ದು ಹಾಗೇ ಇದೆ: ಕಪ್ಪತಗುಡ್ಡದ ಬುಡದಿಂದ ಜಿಲ್ಲೆಯ ಸಾಹೇಬರಿಗೆ ಒಂದು ಪತ್ರ

ಗದಗ ಜಿಲ್ಲಾ ಉಸ್ತುವಾರಿ ಸಚಿವರಿಗೆ, ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿ ಸಾಹೇಬರಿಗೆ, ಅರಣ್ಯ ಇಲಾಖೆಯವರಿಗೆ, ಮತ್ತೆ ಈ ಬಿಸಿಲಲ್ಲಿ ನನ್ನ ಜೊತೆ ಬೇಯುತ್ತಿರುವ ಎಲ್ಲರಿಗೂ ನಮಸ್ಕಾರ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನೋ ಮಾತಿದೆ. ಈಗ ಅದಕ್ಕೆ ಶಿವರಾತ್ರಿ ತನಕ ಕಾಯುವ ತಾಳ್ಮೆಯೂ ಇಲ್ಲ, ಸಂಕ್ರಾಂತಿ ಎಳ್ಳು ಬೆಲ್ಲ ತಿಂದು ಹೊರಟುಬಿಡುತ್ತದೆ. ಹಬ್ಬ ಮುಗಿದು ವಾರ ಆಗಿಲ್ಲ, ಆಗಲೇ ಕೆಲಸದ ಜಾಗದಲ್ಲಿ ಅಂಗಿ ಬೆನ್ನಿಗೆ ಅಂಟುತ್ತಿದೆ. ಹಾಗಾಗಿ ಈ ಪತ್ರವನ್ನು ಮೇ ತಿಂಗಳಲ್ಲಿ ಬರೆಯುವ ಬದಲು ಈಗಲೇ ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ಬರೆದರೆ ನೀವೂ ಓದಲ್ಲ, ನನಗೂ ಬರೆಯೋ ತ್ರಾಣ ಇರಲ್ಲ.

ನಾನು ಗದಗದ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವವನು. ಊರು ಮುಂಡರಗಿ ತಾಲ್ಲೂಕಿನಲ್ಲಿ, ಗುಡ್ಡದ ಬುಡದಲ್ಲೇ ಇದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ನಮ್ಮ ಚಿಗವ್ವನ ಮನೆ ಮುಂದೆ ಯಾರೋ ಬಂದು ನಿಂತು, ಏನಮ್ಮಾ ಏನೋ ಹೇಳಿದ್ಯಂತಲ್ಲ ಅಂತ ಕೇಳುತ್ತಾರೆ. ಅದು ಬೇಡ.

ಹೋದ ಬೇಸಿಗೆಯಲ್ಲಿ ನಮ್ಮ ಪ್ರೆಸ್ಸಿಗೆ ಒಂದು ಕರಪತ್ರದ ಕೆಲಸ ಬಂತು. ಬಿಸಿಲಿನಿಂದ ಕಾಪಾಡಿಕೊಳ್ಳುವುದು ಹೇಗೆ ಅಂತ. ಮೇಲೆ ಕೆಂಪು ಸೂರ್ಯ, ಪಕ್ಕದಲ್ಲಿ ಕೊಡೆ ಹಿಡಿದ ಹೆಂಗಸು, ಕೆಳಗೆ ದಪ್ಪ ಅಕ್ಷರದಲ್ಲಿ 'ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ'. ಪ್ರೂಫ್ ನೋಡಿದ್ದು ನಾನೇ. 'ನಿರ್ಜಲೀಕರಣ' ಅನ್ನೋ ಪದದಲ್ಲಿ ಒಂದು ಒತ್ತು ತಪ್ಪಿತ್ತು, ಸರಿ ಮಾಡಿಸಿದೆ. ಆ ಪದ ನಮ್ಮೂರಲ್ಲಿ ಯಾರಿಗೆ ಅರ್ಥ ಆಗುತ್ತೆ ಅಂತ ಅವತ್ತು ಯೋಚಿಸಲಿಲ್ಲ. ಕಾಗದ ಕಟಿಂಗಿಗೆ ಕೊಟ್ಟು ಊಟದ ಡಬ್ಬಿ ಬಿಚ್ಚುತ್ತಿದ್ದೆ, ಊರಿಂದ ಫೋನು ಬಂತು. ಚಿಗವ್ವ ಕೆರೆ ಹೂಳೆತ್ತುವ ಜಾಗದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಿದ್ದಾಳೆ ಅಂತ.

ಅದು ಉದ್ಯೋಗ ಖಾತ್ರಿ ಯೋಜನೆಯ ಕೆಲಸ. ಯೋಜನೆಗೆ ಸರ್ಕಾರ ಏನೇ ಹೆಸರಿಡಲಿ, ನಮ್ಮಲ್ಲಿ ಅದು ಖಾತ್ರಿ ಕೆಲಸ. ಹಾಜರಿಗೆ ಮೊಬೈಲ್ ಆ್ಯಪ್ ಇತ್ತು, ದಿನಕ್ಕೆ ಎರಡು ಸಲ ಫೋಟೊ ಹೊಡೆಯಬೇಕು. ಬೆಳಿಗ್ಗೆ ಒಂದು, ಆಮೇಲೆ ಮಧ್ಯಾಹ್ನ ಒಂದು. ಬೆಳಿಗ್ಗೆ ಬೇಗ ಬಂದು ತಂಪಿನಲ್ಲಿ ಮಣ್ಣು ಹೊತ್ತು ಹಾಕಿದರೂ ಎರಡನೇ ಫೋಟೊ ಆಗುವ ತನಕ ಎದ್ದು ಹೋಗುವ ಹಾಗಿಲ್ಲ. ಚಿಗವ್ವ ಕೆಲಸ ಮುಗಿಸಿ, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂತು ಆ ಫೋಟೊಗೆ ಕಾಯುತ್ತಿದ್ದಳು. ನೆರಳು ಅಂದರೆ ದಂಡೆ ಮೇಲಿನ ಒಂದು ಜಾಲಿ ಕಂಟಿ. ಅದರಡಿ ಅದಾಗಲೇ ಎಂಟು ಜನ ಇದ್ದರು. ಸೆರಗು ತಲೆ ಮೇಲೆ, ಸೊಂಟಕ್ಕೆ ಸಿಕ್ಕಿಸಿದ್ದ ಉಳ್ಳಾಗಡ್ಡಿ ಸೊಂಟದಲ್ಲೇ. ಬಿಸಿಲು ಬಡಿಯಬಾರದು ಅಂತ ನಮ್ಮ ಕಡೆ ಉಳ್ಳಾಗಡ್ಡಿ ಇಟ್ಟುಕೊಳ್ಳುತ್ತಾರೆ. ಬಡಿಯುವ ಬಿಸಿಲು ಉಳ್ಳಾಗಡ್ಡಿ ನೋಡಿ ಬಿಡುತ್ತಾ?

ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು, ಎರಡು ದಿನಕ್ಕೆ ಎದ್ದು ಕೂತಳು. ಚೀಟಿಯಲ್ಲಿ ಬರೆದಿದ್ದು 'ನಿಶ್ಶಕ್ತಿ'. ನಾನು ಓದಿ ಹೇಳಿದಾಗ ಚಿಗವ್ವ ನಕ್ಕಳು. "ನಿಶ್ಶಕ್ತಿ ಅಂತ? ಮುಂಜಾನಿಂದ ಮಣ್ಣ ಹೊರೋ ಮುಂದ ಇದ್ದ ಶಕ್ತಿ ಆಮ್ಯಾಲೆ ಯಾರ ಒಯ್ದರಂತ ಕೇಳೋ ತಮ್ಮಾ."

ಸಾಹೇಬರೇ, ನನ್ನ ಮೊದಲ ತಕರಾರು ಇದೇ. ಚೀಟಿಯಲ್ಲಿ ನಿಶ್ಶಕ್ತಿ ಅಂತ ಬರೆದರೆ ನಿಮ್ಮ ಲೆಕ್ಕದಲ್ಲಿ ಆ ದಿನ ನಮ್ಮೂರಲ್ಲಿ ಬಿಸಿಲಿನಿಂದ ಯಾರಿಗೂ ಏನೂ ಆಗಿಲ್ಲ. ವಯಸ್ಸಾದವರು ಮಧ್ಯಾಹ್ನ ಮಲಗಿದವರು ಏಳದೇ ಹೋದರೆ ಹಾರ್ಟ್ ಅಟ್ಯಾಕ್. ಕೂಲಿಯವರು ಬಿದ್ದರೆ ನಿಶ್ಶಕ್ತಿ. ಅಹಮದಾಬಾದಿನಲ್ಲೂ ಹೀಗೇ ಇತ್ತು. 2010ರ ಮೇ ತಿಂಗಳಲ್ಲಿ ಅಲ್ಲಿ 46.8 ಡಿಗ್ರಿ ಬಿಸಿಲು ಬಂತು. ಆಮೇಲೆ ಕೂತು ಎಣಿಸಿ ನೋಡಿದರೆ, ಆ ತಿಂಗಳು ಮಾಮೂಲಿಗಿಂತ 1,344 ಜನ ಜಾಸ್ತಿ ಸತ್ತಿದ್ದರು. ಎಣಿಸಿದ್ದರಿಂದ ಗೊತ್ತಾಯಿತು, ಗೊತ್ತಾಗಿದ್ದರಿಂದ 2013ರಲ್ಲಿ ಆ ಊರು ಬಿಸಿಲಿಗೆ ಅಂತಲೇ ಒಂದು ಯೋಜನೆ ಮಾಡಿಕೊಂಡಿತು. ನಾವು ಇನ್ನೂ ಎಣಿಸೋಕೇ ಶುರು ಮಾಡಿಲ್ಲ.

ಇನ್ನು ಡಿಗ್ರಿ ವಿಷಯ. ಪೇಪರಿನಲ್ಲಿ ಗದಗ 40 ಡಿಗ್ರಿ ಅಂತ ಬಂದರೆ ಜನ ಅದನ್ನು ಬಿಸಿಲಿನ ಡಿಗ್ರಿ ಅಂದುಕೊಳ್ಳುತ್ತಾರೆ. ಅದು ನೆರಳಿನ ಡಿಗ್ರಿ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ, ಗಾಳಿ ಆಡುವ ಮರದ ಪೆಟ್ಟಿಗೆಯೊಳಗೆ ಇಟ್ಟ ಥರ್ಮಾಮೀಟರ್ ತೋರಿಸಿದ್ದು. ಚಿಗವ್ವ ಕೂತಿದ್ದು ಪೆಟ್ಟಿಗೆಯೊಳಗೆ ಅಲ್ಲ. ಹೂಳು ತೆಗೆದ ಒಣ ಕೆರೆಯಲ್ಲಿ, ಮೇಲಿಂದ ಬಿಸಿಲು, ಕೆಳಗಿಂದ ಕಾದ ಮಣ್ಣು.

ಬಿಸಿಗಾಳಿ ಅಂತ ಘೋಷಣೆ ಮಾಡೋಕೂ ಒಂದು ನಿಯಮ ಇದೆ. ಹವಾಮಾನ ಇಲಾಖೆ ಪ್ರಕಾರ ಬಯಲು ನಾಡಿನಲ್ಲಿ ಕನಿಷ್ಠ 40 ಡಿಗ್ರಿ ಆಗಬೇಕು, ಗುಡ್ಡಗಾಡಿನಲ್ಲಿ 30 ಆದರೆ ಸಾಕು. ಜೊತೆಗೆ ಆ ದಿನಗಳ ಮಾಮೂಲಿ ಬಿಸಿಲಿಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ಆ ನಾಲ್ಕೂವರೆಯಲ್ಲೇ ಇರೋದು ತಮಾಷೆ. ನಮ್ಮಲ್ಲಿ ಏಪ್ರಿಲ್ ತಿಂಗಳ ಮಾಮೂಲೇ ಮೊದಲಿನಿಂದ ಜಾಸ್ತಿ. 39, 40, 39 ಅಂತ ಇಪ್ಪತ್ತು ದಿನ ಸತತ ಕಾದರೂ ಮಾಮೂಲಿಗಿಂತ ಅಷ್ಟು ಮೇಲೆ ಹೋಗುವುದಿಲ್ಲ, ಹಾಗಾಗಿ ಬಿಸಿಗಾಳಿ ಅಂತ ಆಗುವುದಿಲ್ಲ. ನಿಧಾನಕ್ಕೆ ಬೇಯಿಸಿದರೆ ಬೆಂದಿದ್ದು ಲೆಕ್ಕಕ್ಕಿಲ್ಲ, ಒಮ್ಮೆಲೇ ಉರಿ ಜಾಸ್ತಿ ಮಾಡಿದರೆ ಮಾತ್ರ ಬೆಂದ ಹಾಗೆ ಅನ್ನೋ ಥರ.

ಎಲ್ಲಾ ಕಡೆ ಇದೇ ಕಥೆ ಅಂತ ನೀವು ಹೇಳಬಹುದು. ಹೌದು, ಎಲ್ಲಾ ಕಡೆ ಇದೆ. 2024 ಜಗತ್ತಿನಲ್ಲೇ ದಾಖಲೆ ಇಟ್ಟಾಗಿನಿಂದ ಅತಿ ಬಿಸಿ ವರ್ಷ, 1901ರಿಂದ ಈಚೆಗೆ ನಮ್ಮ ದೇಶಕ್ಕೂ ಅದೇ. 2023ರ ಫೆಬ್ರವರಿಯ ಹಗಲಿನ ಬಿಸಿ ದಾಖಲೆ ಮುರಿಯಿತು, ಅದಕ್ಕೂ ಮುಂಚೆ 2022ರ ಮಾರ್ಚ್ ಮುರಿದಿತ್ತು. ಬೇಸಿಗೆಗೆ ಮುಂಚೆಯೇ ಬೇಸಿಗೆ. ಗುಡ್ಡ ಬೆಟ್ಟಗಳ ಸ್ಥಿತಿ ಇನ್ನೂ ಕಷ್ಟ, ಹಿಮಾಲಯದಲ್ಲಿ ಎತ್ತರ ಹೆಚ್ಚಿದಷ್ಟೂ ಬಿಸಿ ಬೇಗ ಏರುತ್ತಿದೆ ಅಂತಾರೆ. ನಮ್ಮ ಶಿರಹಟ್ಟಿ ಕಡೆ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವಲ್ಲ, ಅವು ಆ ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳು. 2024ರಲ್ಲಿ ಕೆರೆಗೆ ರಾಮ್ಸಾರ್ ಪಟ್ಟವೂ, ಅಂದರೆ ಜಗತ್ತಿನ ಮಟ್ಟದಲ್ಲಿ ಮಹತ್ವದ ಜೌಗು ತಾಣ ಅನ್ನೋ ಮಾನ್ಯತೆ, ಸಿಕ್ಕಿತು, ಒಳ್ಳೇದಾಯ್ತು. ಆ ಹಕ್ಕಿಗೆ ಅತ್ತಲೂ ಗುಡ್ಡ ಕಾಯುತ್ತಿದೆ, ಇತ್ತಲೂ ಗುಡ್ಡ ಕಾಯುತ್ತಿದೆ.

ನನಗೆ ಹಿಮಾಲಯದ ಬಗ್ಗೆ ಬರೆಯುವಷ್ಟು ಗೊತ್ತಿಲ್ಲ. ನಮ್ಮ ಗುಡ್ಡ ಗೊತ್ತು.

ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಎಲ್ಲರೂ ಅಂಗಳದಲ್ಲಿ ಮಲಗುತ್ತಿದ್ದೆವು. ಹೊರಸಿನ ಮೇಲೆ ಅಜ್ಜ, ಕೆಳಗೆ ಚಾಪೆ ಹಾಸಿ ನಾವು. ಮಲಗುವಾಗ ಸೆಕೆ ಇರುತ್ತಿತ್ತು, ಇಲ್ಲ ಅನ್ನಲ್ಲ. ಆದರೂ ಅವ್ವ ಪ್ರತಿಯೊಬ್ಬರ ಕಾಲ ಹತ್ತಿರ ಒಂದು ಕೌದಿ ಮಡಚಿ ಇಟ್ಟೇ ಮಲಗುತ್ತಿದ್ದಳು. ಯಾಕೆಂದರೆ ಸರಿರಾತ್ರಿ ದಾಟಿದ ಮೇಲೆ ಗುಡ್ಡದ ಗಾಳಿ ಇಳಿಯುತ್ತಿತ್ತು. ಮೊದಲು ಬೇವಿನ ಗಿಡ ಸದ್ದು ಮಾಡುತ್ತಿತ್ತು, ಆಮೇಲೆ ಕಾಲಿಗೆ ತಂಪು ತಾಗುತ್ತಿತ್ತು. ನಿದ್ದೆಯಲ್ಲೇ ಕಾಲಿನಿಂದ ಕೌದಿ ಹುಡುಕಿ ಎಳೆದುಕೊಳ್ಳುತ್ತಿದ್ದೆವು. ಬೆಳಗಾಗುವ ಹೊತ್ತಿಗೆ ಎರಡು ಹುಡುಗರ ನಡುವೆ ಒಂದೇ ಕೌದಿಗೆ ಜಗಳ.

ಇದು ಸುಮ್ನೆ ಹಳೇ ನೆನಪಿನ ಮಾತಲ್ಲ, ಅದಕ್ಕೆ ಕಾರಣ ಇದೆ. ರಾತ್ರಿ ಗುಡ್ಡದ ಮೈ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿ ತಂಪಾಗಿ, ಭಾರವಾಗಿ, ಇಳಿಜಾರಿನಲ್ಲಿ ನೀರಿನ ಹಾಗೆ ಕೆಳಗೆ ಹರಿಯುತ್ತದೆ. ಗುಡ್ಡದ ಮೇಲೆ ಹಸಿರಿದ್ದರೆ ಹಗಲು ಅದು ಅಷ್ಟು ಕಾಯುವುದಿಲ್ಲ, ಎಲೆಯಿಂದ ನೀರು ಆವಿಯಾಗಿ ಬಿಸಿ ತಗ್ಗುತ್ತದೆ. ಬೋಳು ಕಲ್ಲಾದರೆ ಹೆಂಚಿನ ಥರ ಕಾಯುತ್ತದೆ. ಕಪ್ಪತಗುಡ್ಡದ ಕಲ್ಲಂತೂ ಕಬ್ಬಿಣದ ಅದಿರಿನ ಕಪ್ಪು ಕೆಂಪು ಕಲ್ಲು, ಮಧ್ಯಾಹ್ನ ಕಾದಿದ್ದನ್ನು ರಾತ್ರಿ ಎಷ್ಟೋ ಹೊತ್ತಿನ ತನಕ ಬಿಡುತ್ತಲೇ ಇರುತ್ತದೆ.

ಈಗ ಊರಿಗೆ ಹೋದಾಗಲೂ ಅವ್ವ ಕೌದಿ ಮಡಚಿ ಇಡುತ್ತಾಳೆ. ಬೆಳಿಗ್ಗೆ ಎದ್ದಾಗ ಮಡಚಿದ್ದು ಹಾಗೇ ಇರುತ್ತದೆ. ಹೋದ ಮೇ ತಿಂಗಳಲ್ಲಿ ನಾನಿದ್ದ ಒಂದು ರಾತ್ರಿಯೂ ಅದನ್ನು ಬಿಚ್ಚಲಿಲ್ಲ. ಇದು ನನ್ನ ಥರ್ಮಾಮೀಟರ್, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ಹಗಲು ಬಿಸಿಲು ತಿಂದ ಮೈಗೆ ರಾತ್ರಿ ತಂಪು ಬೇಕು. ರಾತ್ರಿ ಆರದ ಮೈ ಮರುದಿನ ಬೆಳಿಗ್ಗೆ ಅರ್ಧ ಕಾದುಕೊಂಡೇ ಕೆಲಸಕ್ಕೆ ಹೋಗುತ್ತದೆ. ಚಿಗವ್ವ ಬಿದ್ದಿದ್ದು ಆ ಒಂದು ಮಧ್ಯಾಹ್ನದ ಬಿಸಿಲಿಗೆ ಅಂತ ನನಗೆ ಅನಿಸುವುದಿಲ್ಲ. ಅದಕ್ಕೂ ಹಿಂದಿನ ಐದಾರು ರಾತ್ರಿ ಅವಳು ಮಲಗಿಯೇ ಇರಲಿಲ್ಲ. ಅವಳ ಮನೆ ಮೊದಲು ಮಣ್ಣಿನ ಮೇಲ್ಮುದ್ದೆ ಮನೆ, ಒಂದು ಮಳೆಗಾಲದಲ್ಲಿ ಕುಸಿಯಿತು. ಈಗ ತಗಡು. ಅದರೊಳಗೆ ಸಂಜೆ ಏಳಕ್ಕೂ ನಿಲ್ಲೋಕಾಗಲ್ಲ. ನಳದ ನೀರೇ ಕಾದು ಬರುತ್ತದೆ. ಕರೆಂಟು ಹೋದರೆ ಮುಗೀತು. ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ಇವೆಯಲ್ಲ, ಅವನ್ನು ನೋಡಿ ಪಕ್ಕದ ಮನೆ ಅಜ್ಜಿ ಹೇಳೋದು, "ಅಷ್ಟ ದೊಡ್ಡ ದೊಡ್ಡ ಫ್ಯಾನ್ ಹಾಕ್ಯಾರ, ಗಾಳಿ ಮಾತ್ರ ನಮ್ಮ ಕಡೆ ತಿರುಗಿಸಿಲ್ಲ ನೋಡು."

ಈ ಗುಡ್ಡ ನಮಗೆ ಸುಮ್ನೆ ಉಳಿದಿದ್ದಲ್ಲ ಅನ್ನೋದು ನಿಮಗೂ ಗೊತ್ತು. ಬಿಂಕದಕಟ್ಟಿಯಿಂದ ತುಂಗಭದ್ರೆ ದಂಡೆಯ ಸಿಂಗಟಾಲೂರಿನ ತನಕ ಮಲಗಿರುವ ಸಾಲು ಇದು. ಎಪ್ಪತ್ತು ಗಿರಿಗಿಂತ ಕಪ್ಪತಗಿರಿ ಮೇಲು ಅಂತ ಹಿರಿಯರು ಹೇಳಿದ್ದು ಔಷಧಿ ಗಿಡಗಳಿಗಾಗಿ. ಕಂಪನಿಗಳಿಗೆ ಕಂಡಿದ್ದು ಅದಿರು, ಚಿನ್ನ. 2011ರಲ್ಲಿ ಹಳ್ಳಿಗುಡಿ ಕಡೆ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವುದಿತ್ತು, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ನಿಂತರು, ಅದು ವಾಪಸ್ ಹೋಯಿತು. 2015ರಲ್ಲಿ ಗುಡ್ಡವನ್ನು ಸಂರಕ್ಷಿತ ಪ್ರದೇಶ ಅಂದರು, 2016ರಲ್ಲಿ ಆ ಆದೇಶ ತೆಗೆದರು, ಜನ ಮತ್ತೆ ಬೀದಿಗೆ ಬಂದ ಮೇಲೆ 2017ರಲ್ಲಿ ಮತ್ತೆ ಕೊಟ್ಟರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮ ಆಯಿತು. ಆ ಹೋರಾಟದ ಕರಪತ್ರಗಳನ್ನು ಗದಗದ ಪ್ರೆಸ್ಸುಗಳೇ ಹೊಡೆದವು. ಅವತ್ತು ನಾವೆಲ್ಲ ಔಷಧಿ ಗಿಡದ ಬಗ್ಗೆ, ತೋಳ, ಕತ್ತೆಕಿರುಬ, ಕೊಂಡುಕುರಿ ಬಗ್ಗೆ ಬರೆದೆವು. ಗುಡ್ಡ ಇದ್ದರೆ ರಾತ್ರಿ ನಿದ್ದೆ ಬರುತ್ತದೆ ಅಂತ ಯಾರೂ ಬರೆಯಲಿಲ್ಲ. ಆಗ ನಿದ್ದೆ ಬರುತ್ತಿತ್ತು, ಅದಕ್ಕೇ ಹೊಳೆಯಲಿಲ್ಲ.

ಕಾಗದದ ಮೇಲೆ ಗುಡ್ಡ ಉಳಿಯಿತು. ಆದರೆ ಬೇಸಿಗೆ ಬಂದರೆ ಅದಕ್ಕೆ ಬೆಂಕಿ ಬೀಳುತ್ತದೆ. ಬಾದೆ ಹುಲ್ಲು ಮಳೆಗಾಲದಲ್ಲಿ ಆಳೆತ್ತರ ಬೆಳೆದು, ಫೆಬ್ರವರಿಗೆ ಒಣಗಿ, ಒಂದು ಬೀಡಿ ತುಂಡಿಗೆ ಕಾಯುತ್ತಾ ನಿಂತಿರುತ್ತದೆ. ರಾತ್ರಿ ಊರಿಂದ ನೋಡಿದರೆ ಗುಡ್ಡದ ಮೇಲೆ ಕೆಂಪು ದಾರ ಹರಿದಾಡಿದ ಹಾಗೆ ಕಾಣುತ್ತದೆ. ಮಕ್ಕಳು ಚೆಂದ ಅಂತ ನೋಡುತ್ತವೆ. ಬೆಳಿಗ್ಗೆ ಅಂಗಳದಲ್ಲಿ, ಹರವಿ ಮೇಲೆ ಮುಚ್ಚಿದ ಬಟ್ಟೆಯಲ್ಲಿ, ಕರಿ ಬೂದಿ. ಸುಟ್ಟ ನೆಲ ಕಪ್ಪಾಗಿ ಇನ್ನೂ ಹೆಚ್ಚು ಬಿಸಿಲು ಕುಡಿಯುತ್ತದೆ, ಚಿಗುರೊಡೆಯುತ್ತಿದ್ದ ಸಣ್ಣ ಗಿಡ ಸಾಯುತ್ತದೆ, ಮೊದಲ ಅಡ್ಡಮಳೆಗೆ ಮೇಲ್ಮಣ್ಣು ಕೊಚ್ಚಿ ಬರುತ್ತದೆ. ಆ ಮಣ್ಣು ಬಂದು ತುಂಬುವುದು ಎಲ್ಲಿ? ನಮ್ಮ ಕೆರೆಯಲ್ಲೇ. ಅದನ್ನು ತೆಗೆಯೋಕೆ ಮತ್ತೆ ಚಿಗವ್ವ ಬುಟ್ಟಿ ಹಿಡಿದು ಹೋಗಬೇಕು, ಏಪ್ರಿಲ್ ಬಿಸಿಲಲ್ಲಿ.

ಬೆಂಕಿ ಹಚ್ಚುವವರು ಯಾರು ಅಂದರೆ ಎಲ್ಲರೂ ಕುರಿಗಾರರ ಕಡೆ ಬೆರಳು ಮಾಡುತ್ತಾರೆ. ಎಳೆ ಹುಲ್ಲು ಬರಲಿ ಅಂತ ಹಚ್ಚುವವರು ಇದ್ದಾರೆ, ಸುಳ್ಳಲ್ಲ. ಜೇನು ಬಿಡಿಸುವವರು ಇದ್ದಾರೆ, ಗುಡ್ಡಕ್ಕೆ ಸುತ್ತಾಡೋಕೆ ಬಂದು ಸಿಗರೇಟು ಎಸೆದು ಹೋಗುವ ನಮ್ಮ ಪೇಟೆ ಹುಡುಗರೂ ಇದ್ದಾರೆ. ಬೆಂಕಿ ಆರಿಸೋಕೆ ಹಸಿ ಸೊಪ್ಪಿನ ಟೊಂಗೆ ಹಿಡಿದು ಹತ್ತುವ ಅರಣ್ಯ ಇಲಾಖೆಯ ವಾಚರ್‌ಗಳನ್ನು ನಾನು ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅಯ್ಯೋ ಪಾಪ ಅನಿಸುತ್ತದೆ. ಅಷ್ಟು ದೊಡ್ಡ ಗುಡ್ಡಕ್ಕೆ ಕೈಗಳು ಸಾಲವು. ನನ್ನ ಪ್ರಶ್ನೆ ಇಷ್ಟೇ. ಅದೇ ತಿಂಗಳಲ್ಲಿ ಕೆಳಗೆ ನೂರು ಜನ ಹೂಳು ಹೊರುತ್ತಿರುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ಡಿಸೆಂಬರ್, ಜನವರಿಯಲ್ಲಿ, ಇನ್ನೂ ತಂಪಿದ್ದಾಗಲೇ, ಹುಲ್ಲು ಕೊಯ್ದು ಬೆಂಕಿ ರೇಖೆ, ಅಂದರೆ ಬೆಂಕಿ ದಾಟದ ಹಾಗೆ ಬೋಳು ಪಟ್ಟಿ, ಮಾಡುವ ಕೆಲಸ ಕೊಟ್ಟರೆ ಏನಾಗುತ್ತೆ? ಕೂಲಿ ಸಿಗುತ್ತದೆ, ಹುಲ್ಲು ದನಕ್ಕೋ ಗುಡಿಸಲಿಗೋ ಆಗುತ್ತದೆ, ಗುಡ್ಡಕ್ಕೆ ಬೆಂಕಿ ಹಬ್ಬುವುದು ನಿಲ್ಲುತ್ತದೆ, ಕೆರೆಗೆ ಹೂಳು ಕಡಿಮೆ ಬರುತ್ತದೆ. ವನ್ಯಜೀವಿಧಾಮದ ಒಳಗೆ ಕೆಲಸ ಮಾಡಿಸೋಕೆ ಕಾನೂನಿನ ಕಟ್ಟುಪಾಡು ಇದ್ದೇ ಇರುತ್ತವೆ. ಅದನ್ನು ಬಿಡಿಸೋಕೆ ಅಲ್ವಾ ನೀವು ಒಂದೇ ಟೇಬಲ್ ಸುತ್ತ ಕೂರೋದು?

ಕೆಲಸದ ವೇಳೆ ಬಗ್ಗೆ ಒಂದು ಮಾತು. 2025ರಲ್ಲಿ ಸರ್ಕಾರ ಏಪ್ರಿಲ್, ಮೇ ತಿಂಗಳಿಗೆ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸಿತು. ಕಲಬುರಗಿ ವಿಭಾಗದ ಏಳು ಜಿಲ್ಲೆ, ಜೊತೆಗೆ ವಿಜಯಪುರ, ಬಾಗಲಕೋಟೆ. ಒಳ್ಳೆಯ ಆದೇಶವೇ. ಆ ಪಟ್ಟಿಯಲ್ಲಿ ಕೊಪ್ಪಳ ಇತ್ತು, ಗದಗ ಇರಲಿಲ್ಲ. ಮುಂಡರಗಿ ದಾಟಿ ಪೂರ್ವಕ್ಕೆ ಸ್ವಲ್ಪ ಹೋದರೆ ಕೊಪ್ಪಳ ಜಿಲ್ಲೆ. ಬಿಸಿಲು ಅಲ್ಲಿ ಬೋರ್ಡ್ ನೋಡಿ ನಿಲ್ಲುತ್ತಾ? ಈ ಸಲದ ಆದೇಶ ಹೊರಡುವ ಮುಂಚೆ ಗದಗದ ಹೆಸರು ಸೇರಿಸೋಕೆ ಬರೆಯಿರಿ. ಆದರೆ ಅದಕ್ಕಿಂತ ಮುಖ್ಯ, ಫ್ಯಾನಿನ ಕೆಳಗೆ ಕೂತವರಿಗೆ ಕೊಡುವ ವೇಳೆಯನ್ನು ಬುಟ್ಟಿ ಹೊತ್ತವರಿಗೂ ಕೊಡಿ. ಬೆಳಿಗ್ಗೆ 6ಕ್ಕೆ ಶುರು ಮಾಡಿ 10.30ಕ್ಕೆ ಮುಗಿಸಲಿ. ಅಳತೆ ನೋಡಿ ಕೂಲಿ ಕೊಡಿ, ಮುಖ ನೋಡಿ ಅಲ್ಲ. ಫೋಟೊ ಬೇಕೇ ಬೇಕು ಅಂದರೆ ಕೆಲಸ ಮುಗಿದ ಕೂಡಲೇ ಹೊಡೆಯಿರಿ. ಇದು ನಿಮ್ಮ ಕೈಯಲ್ಲಿಲ್ಲ, ಮೇಲಿನವರ ಕೈಯಲ್ಲಿದೆ ಅನ್ನುತ್ತೀರಿ. ಇರಲಿ. ನಾನು ಬರೆದರೆ ಅದು ಪತ್ರ, ನೀವು ಬರೆದರೆ ಅದು ವರದಿ.

ಇನ್ನು ರಾತ್ರಿ ಡಿಗ್ರಿ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಹೋಬಳಿ ಹೋಬಳಿಗೂ ಹವಾಮಾನ ಯಂತ್ರ ಹಾಕಿದ್ದಾರೆ. ಡಂಬಳ ಹೋಬಳಿಯ ರಾತ್ರಿ ಎಷ್ಟು ಕಾದಿತ್ತು ಅನ್ನೋದು ಯಾವುದೋ ಕಂಪ್ಯೂಟರಿನಲ್ಲಿ ಇದ್ದೇ ಇದೆ. ಅದನ್ನು ದಿನಾ ಬೆಳಿಗ್ಗೆ ಪಂಚಾಯಿತಿ ಮುಂದಿನ ಕರಿಹಲಗೆ ಮೇಲೆ ಬರೆಸಿ. ಒಂದು ಸೀಮೆಸುಣ್ಣದ ಖರ್ಚು. ನಿನ್ನೆ ರಾತ್ರಿ ಆರಿಲ್ಲ, ಇವತ್ತು ವಯಸ್ಸಾದವರನ್ನು ಸ್ವಲ್ಪ ನೋಡಿಕೊಳ್ಳಿ ಅಂತ ಆಶಾ ಕಾರ್ಯಕರ್ತೆಗೂ ಗೊತ್ತಾಗುತ್ತದೆ. ಹಾಗೇ ತಗಡಿಗೆ ಸುಣ್ಣ. ಬಿಳಿ ಬಳಿದರೆ ಒಳಗಿನ ಬಿಸಿ ಗೊತ್ತಾಗುವಷ್ಟು ಇಳಿಯುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆ ಅಂತಲೇ ಒಂದು ನೀತಿ ತಂದಿತು. ನಾನು ಹೋದ ವರ್ಷ ಚಿಗವ್ವನ ತಗಡಿಗೆ ಎರಡು ಕೋಟು ಸುಣ್ಣ ಹೊಡೆದೆ. ಆಗ ಓಣಿಯವರು "ಯಾರ ಲಗ್ನ ಐತೋ?" ಅಂತ ನಕ್ಕರು, ಈಗ ನಾಲ್ಕು ಮನೆಯವರು ಸುಣ್ಣ ಎಲ್ಲಿ ಸಿಕ್ಕಿತು ಅಂತ ಕೇಳಿದ್ದಾರೆ. ಮೊದಲ ಮಳೆಗೆ ಅರ್ಧ ತೊಳೆದುಹೋಗುತ್ತದೆ ಅನ್ನೋದೂ ನಿಜ, ಪ್ರತಿ ವರ್ಷ ಹೊಡೆಯಬೇಕು.

ಹುಬ್ಬಳ್ಳಿ, ಧಾರವಾಡದ ಗೆಳೆಯರು ಇದನ್ನು ಓದಿದರೆ ಅವರ ಊರಿನ ಕಥೆ ಅವರು ಬರೆಯಲಿ. ಧಾರವಾಡದಲ್ಲಿ ಫ್ಯಾನೇ ಬೇಕಿರಲಿಲ್ಲ ಅಂತ ಹೇಳುವ ಹಿರಿಯರ ಮನೆಯಲ್ಲೇ ಈಗ ಕೂಲರ್ ಗುಂಯ್ ಅನ್ನುತ್ತಿದೆ. ನಾನು ನನ್ನ ಗುಡ್ಡದ ಮಾತು ಮುಗಿಸುತ್ತೇನೆ.

ಇನ್ನು ಹತ್ತು ಹದಿನೈದು ದಿನದಲ್ಲಿ ಬಿಸಿಲಿನ ಕರಪತ್ರದ ಕೆಲಸ ನಮ್ಮ ಪ್ರೆಸ್ಸಿಗೋ, ಪಕ್ಕದ ಪ್ರೆಸ್ಸಿಗೋ ಬರುತ್ತದೆ. ಹೋದ ವರ್ಷದ ಫೈಲು ನಮ್ಮ ಕಂಪ್ಯೂಟರಿನಲ್ಲಿ ಹಾಗೇ ಇದೆ, ಕೆಂಪು ಸೂರ್ಯ, ಕೊಡೆ ಹಿಡಿದ ಹೆಂಗಸು, 12ರಿಂದ 3. ಇಸವಿ ಬದಲಾಯಿಸಿ ಹೊಡೆದುಬಿಡಬಹುದು, ಐದು ನಿಮಿಷದ ಕೆಲಸ. ಅದರಲ್ಲಿ 'ಖಾತ್ರಿ ಕೆಲಸ ಬೆಳಿಗ್ಗೆ 6ರಿಂದ 10.30ರವರೆಗೆ ಮಾತ್ರ' ಅಂತ ಒಂದು ಸಾಲು ಸೇರಿಸುವುದಿದ್ದರೆ ಬೇಗ ಹೇಳಿ ಕಳಿಸಿ. ಪ್ಲೇಟ್ ಇನ್ನೂ ಮಾಡಿಸಿಲ್ಲ.

ಇಂತಿ,
ಗುಡ್ಡದ ಬುಡದವನು